ಕ್ಯಾಲೆಂಡರ್ ಹಿಂದಿನ ಬೂಷ್ಟು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆಯಂತೆ. ಅದರಲ್ಲಿ ಅರ್ಧ ನಮ್ಮ ಮಲೆನಾಡಿನ ಬೀರುಗಳ ಒಳಗೇ ಸುರಿಯುತ್ತದೆಂದು ನನ್ನ ಗುಮಾನಿ. ಆಷಾಢ ಬಂತೆಂದರೆ ಧಾರೆ ಸೀರೆ, ಚರ್ಮದ ಬೆಲ್ಟು, ಉಪ್ಪಿನಕಾಯಿ ಜಾಡಿ ಎಲ್ಲದರ ಮೇಲೂ ಬೂಷ್ಟು.

ಗೋಡೆಯಲ್ಲಿ ಕಪ್ಪು ಚುಕ್ಕಿ ಎದ್ದರೆ ಮನೆಯ ಯಜಮಾನರ ಮೊದಲ ಚಿಕಿತ್ಸೆ, ಅದರ ಮೇಲೊಂದು ಕ್ಯಾಲೆಂಡರ್. ಎರಡನೆಯದು, ಬಣ್ಣ. ಬೂಷ್ಟು ಬೇಜಾರೇನೂ ಮಾಡಿಕೊಳ್ಳದೆ ಮುಂದಿನ ಮಳೆಗೆ ಬಣ್ಣದ ಸಮೇತ ಎದ್ದು ಬರುತ್ತದೆ.

ಅಷ್ಟರಲ್ಲಿ ಆ ಗೋಡೆಗೆ ಒತ್ತಿ ಮಲಗುವ ಮಗು ಕೆಮ್ಮತೊಡಗಿರುತ್ತದೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ತೇಲುತ್ತವೆ. ಮಕ್ಕಳ ಶ್ವಾಸನಾಳವೋ ಕಿರಿದು. ಅಸ್ತಮಾ ಇದ್ದರೆ ಅದು ಕೆರಳುವ ಅಪಾಯ. ಅಜ್ಜಿ ಮಾತ್ರ "ಐಸ್‌ಕ್ರೀಮ್ ತಿಂದದ್ದಕ್ಕೇ ಇದು" ಎಂದು ತೀರ್ಪು ಕೊಟ್ಟು ಕಷಾಯಕ್ಕಿಡುತ್ತಾರೆ. ಕುಡಿಯಲಿ ಬಿಡಿ. ಡಾಕ್ಟರಿಗೂ ತೋರಿಸಿ, ಮಂಚವನ್ನೂ ಈಚೆ ಎಳೆಯಿರಿ.

ಪೊರಕೆ ಹಿಡಿದು ಒಣಗೋಡೆ ಗುಡಿಸಿದರೆ ಬೀಜಕಣಗಳನ್ನು ಮನೆತುಂಬ ಬಿತ್ತಿದಂತೆ. ಮಕ್ಕಳನ್ನು ಪಕ್ಕದ ಮನೆಗೆ ಅಟ್ಟಿ, ಕಿಟಕಿ ತೆಗೆದು, ಕೊರೊನಾ ಕಾಲದ ಎನ್-95 ಮಾಸ್ಕು ಉಳಿದಿದ್ದರೆ ಹಾಕಿಕೊಂಡು, ಕೈಗವಸು ತೊಟ್ಟು, ಸೋಪುನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಉತ್ಸಾಹ ಹೆಚ್ಚಾಗಿ ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿದಿರೋ, ಕ್ಲೋರಿನ್ ವಿಷಾನಿಲ ಎದ್ದು ಬೂಷ್ಟಿಗಿಂತ ಮೊದಲು ನೀವೇ ಮನೆ ಬಿಡಬೇಕಾಗುತ್ತದೆ.

ಮೂಲ ಕಾರಣ ಮಾಡಿನ ಮೇಲಿದೆ: ಒಡೆದ ಹೆಂಚು. ಅದನ್ನು ಬದಲಿಸುವ ಆಳು ಸಿಗುವುದು ಮಳೆಗಾಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಬಿಸಿಲು ಬಂದಿರುತ್ತದೆ, ಯಜಮಾನರಿಗೆ ಹೆಂಚೂ ಮರೆತಿರುತ್ತದೆ.