ಅಡಿಕೆ ನೀರಿನ ಗುಲಾಬಿ

ನಮ್ಮೂರು ತಾಳ್ಯದಲ್ಲಿ ಬೋರ್‌ವೆಲ್ ನೀರಿನ ಮೇಲೆ ಮೊದಲ ಹಕ್ಕು ಅಡಿಕೆಯದು. ಆಮೇಲೆ ಎಮ್ಮೆ, ಆಮೇಲೆ ಮನುಷ್ಯರು. ಗುಲಾಬಿಗೆ ಆ ಪಟ್ಟಿಯ ಕೊನೆಯಲ್ಲೂ ಜಾಗವಿಲ್ಲ. ಆದರೂ ನಮ್ಮಮ್ಮ ಅಂಗಳದಲ್ಲಿ ಗುಲಾಬಿ ಬೆಳೆಸುತ್ತಾಳೆ. ಅಂದರೆ, ಅಪ್ಪನ ಲೆಕ್ಕದಲ್ಲಿ, ದಿನವೂ ಕಳ್ಳತನ ಮಾಡುತ್ತಾಳೆ. ತೋಟದ ಡ್ರಿಪ್ ಪೈಪು ಅಂಗಳದ ಅಂಚಿನಲ್ಲೇ ಹಾಯ್ದಿದೆ. ಅದಕ್ಕೊಂದು ಸಣ್ಣ ತೂತು ಬಿದ್ದಿದೆ. ಇಲಿ ಕಡಿದಿದ್ದು ಅನ್ನುತ್ತಾಳೆ ಅಮ್ಮ. ಅಷ್ಟುದ್ದದ ಪೈಪಿನಲ್ಲಿ ಗುಲಾಬಿ ಬುಡ ಹುಡುಕಿ ಕಡಿದ ಇಲಿಗೆ ತೋಟಗಾರಿಕೆ ಇಲಾಖೆಯವರು ಸನ್ಮಾನ ಮಾಡಬೇಕು.

ಈ ಸೀಮೆಯಲ್ಲಿ ಬಿಸಿಲು ತಡೆಯುವ ತಾಕತ್ತಿರುವುದು ಹೊಳಲ್ಕೆರೆಯ ಬಯಲು ಗಣಪನಿಗೆ. 15ನೇ ಶತಮಾನದಿಂದ ಬಯಲಲ್ಲಿ, ಬೆನ್ನಿಗೆ ಜಡೆ ಇಳಿಬಿಟ್ಟುಕೊಂಡು ಕೂತಿದ್ದಾನೆ, ಬಾಡಿದ ದಾಖಲೆಯಿಲ್ಲ. ಆ ಜಡೆಗೆ ಮುಡಿಸಲು ಮನೆಯದೇ ಹೂ ಇರಲಿ ಎಂದು ಅಮ್ಮ ನರ್ಸರಿಯಿಂದ ತಂದ ಹೈಬ್ರಿಡ್ ಗುಲಾಬಿಯದು ಮಾತ್ರ ಥೇಟ್ ಹೊಸ ಅಳಿಯನ ಸ್ವಭಾವ. ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ್ದು ಆಗದು. ನೀರು ಬೇಕು, ಬುಡದಲ್ಲಿ ನಿಂತರೆ ಮುನಿಸು. ಗಾಳಿಯೂ ಬೇಕಂತೆ, ಆದರೆ ವಿಂಡ್‌ಮಿಲ್ ತಿರುಗಿಸುವ ನಮ್ಮ ಚಿತ್ರದುರ್ಗದ ಗಾಳಿ ಅಲ್ಲ. ಏಪ್ರಿಲ್ ಬಂತೆಂದರೆ ಹೂವಿನ ಬಣ್ಣ ಮಾಸಿ, ಎಸಳು ಕಮ್ಮಿಯಾಗಿ, ಅಂಗಿ ಗುಂಡಿಯಷ್ಟಾಗುತ್ತದೆ. ನಮ್ಮ ಮಾರಿಕಣಿವೆ ಡ್ಯಾಮು 1933ರಲ್ಲಿ ತುಂಬಿದ್ದು ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿತು. ಕಾಯುವುದರಲ್ಲಿ ನಮ್ಮ ಜಿಲ್ಲೆ ಪಳಗಿದೆ. ಗುಲಾಬಿ ಎರಡು ದಿನ ಕಾಯುವುದಿಲ್ಲ.

ಬಿಸಿಲಿಗೆ ಅಮ್ಮನ ಉಪಾಯವೆಂದರೆ ಅಡಿಕೆ ಸಿಪ್ಪೆ. ಸುಲಿದ ಮೇಲೆ ರಸ್ತೆ ಬದಿ ಸುರಿದು ಬೆಂಕಿ ಹಚ್ಚುವ ಸಿಪ್ಪೆಯನ್ನು ಆಕೆ ಮಂಕರಿಯಲ್ಲಿ ತಂದು, ಕೊಟ್ಟಿಗೆ ಗೊಬ್ಬರದ ಮೇಲೆ ದಪ್ಪಗೆ ಹರಡುತ್ತಾಳೆ. ಕಾಂಡಕ್ಕೆ ತಾಗದಂತೆ ಸುತ್ತ ಅಂಗೈಯಗಲ ಬಿಡುತ್ತಾಳೆ. ಬೆರಳು ತೂರಿಸಿ ನೋಡಿದರೆ ಮೇಲಿನ ಸಿಪ್ಪೆ ಸುಡುತ್ತಿರುತ್ತದೆ, ಅಡಿಯ ಮಣ್ಣು ತಣ್ಣಗಿರುತ್ತದೆ. ಅಲ್ಲಿಯತನಕ ಕಸವಾಗಿದ್ದ ಸಿಪ್ಪೆ ಅಂದಿನಿಂದ ಅಪ್ಪನ ಕಣ್ಣಿಗೆ ಆಸ್ತಿಯಾಯಿತು. ಎಷ್ಟು ಮಂಕರಿ ಹೋಯಿತೆಂದು ಕಟ್ಟೆ ಮೇಲೆ ಕೂತು ಎಣಿಸತೊಡಗಿದರು.

ಬೇಸಿಗೆಯ ಇನ್ನೊಂದು ಕಾಟ ಕೆಂಪು ಜೇಡನುಸಿ. ಎಲೆಯಡಿ ಧೂಳಿನಂತೆ ಕೂತು ರಸ ಹೀರುತ್ತದೆ, ಸಣ್ಣ ಬಲೆ ನೇಯುತ್ತದೆ. ಅದಕ್ಕೆ ಮೊದಲ ಮದ್ದು ಎಲೆಯ ತಳಕ್ಕೇ ರಭಸವಾಗಿ ಹೊಡೆಯುವ ಬರೀ ನೀರು, ಅದೂ ಬೆಳಿಗ್ಗೆ. ಆದರೆ ನಮ್ಮಲ್ಲಿ ತ್ರೀ ಫೇಸ್ ಕರೆಂಟು ಬರುವುದು ಬಹಳ ಸಲ ನಡುರಾತ್ರಿ. ರಾತ್ರಿ ಎಲೆ ನೆನೆದರೆ ಕಪ್ಪು ಚುಕ್ಕೆ ರೋಗಕ್ಕೆ ಆಮಂತ್ರಣ ಕೊಟ್ಟಂತೆ. ಹಾಗಾಗಿ ಅಮ್ಮ ರಾತ್ರಿ ಡ್ರಮ್ಮಿಗೆ ತುಂಬಿಸಿಟ್ಟು ಬೆಳಿಗ್ಗೆ ಹೊಡೆಯುತ್ತಾಳೆ. ಡ್ರಮ್ಮು ಎಮ್ಮೆಯದೆಂದು ಅಪ್ಪನ ತಕರಾರು.

ಪಕ್ಕದ ಮನೆಯವರದು ಬೇರೆ ಕಥೆ. ಪೇಟೆಯ ಗುಲಾಬಿ ನಿಂತಿರುವುದು ಒರಟು ಜಾತಿಯೊಂದರ ಬೇರಿನ ಮೇಲೆ, ಕಣ್ಣು ಕಸಿ ಮಾಡಿಸಿಕೊಂಡು. ಸೆಕೆಗೆ ಮೇಲಿನದು ಸೊರಗಿದಾಗ ಕಸಿಗಂಟಿನ ಕೆಳಗಿನದು ಚಿಗುರುತ್ತದೆ. ಚಿವುಟದಿದ್ದರೆ ಅದೇ ಯಜಮಾನ. ಅವರ ಗಿಡ ಆಳೆತ್ತರ ಬೆಳೆದು ಊರಿಗೆಲ್ಲ ಹೊಟ್ಟೆಕಿಚ್ಚು ಬರಿಸಿತು, ಹೂ ಮಾತ್ರ ಬಿಡಲಿಲ್ಲ.

ಈ ತಾಪತ್ರಯ ಬೇಡವೆಂದರೆ ನಮ್ಮ ಅಜ್ಜಿಯರ ಪನ್ನೀರು ಗುಲಾಬಿ ಇದೆ. ಕಡ್ಡಿ ಚುಚ್ಚಿದರೆ ಹತ್ತುತ್ತದೆ, ಒಂದು ಹೂವಿಗೆ ಇಡೀ ಪಡಸಾಲೆ ಘಮ್ಮೆನ್ನುತ್ತದೆ. ಕೊಡೈಕೆನಾಲ್‌ನ ಗುಲಾಬಿ ತಳಿಗಾರ ವೀರರಾಘವನ್ ಅವರಂತೂ ಬಂಗಾಳದ ಕಡೆಯ ಕಾಡು ಗುಲಾಬಿ, ಮಣಿಪುರದ ದೈತ್ಯ ಗುಲಾಬಿ ಎರಡನ್ನೂ ಬಳಸಿ, ಬಿಸಿಲು ನಾಡಿಗೆ ಒಗ್ಗುವ ತಳಿ ಮಾಡುವುದನ್ನೇ ವ್ರತ ಮಾಡಿಕೊಂಡವರು. ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ‘ಅವೂ ಬರ್ಲಿ, ಜಾಗ ಐತೆ’ ಅಂದಳು.

ಅಪ್ಪ ನಿಜಕ್ಕೂ ಬೆಚ್ಚಿದ್ದು ಮಳೆ ಹಿಂದಾದ ಅಕ್ಟೋಬರಿನಲ್ಲಿ, ಅಮ್ಮ ಕತ್ತರಿ ಹಿಡಿದು ಗಿಡದ ತಲೆಗಳನ್ನೆಲ್ಲ ಸವರಿದಾಗ. ಅಡಿಕೆಯ ಸುಳಿ ಮುರಿದರೆ ಮರವೇ ಹೋಯಿತು. ಅಡಿಕೆ ಬೆಳೆದವರಿಗೆ ತಲೆ ಕತ್ತರಿಸಿದರೆ ಹೂ ಬಿಡುತ್ತದೆಂದರೆ ನಂಬಿಕೆ ಬರುವುದು ಹೇಗೆ? ಒಂದೂವರೆ ತಿಂಗಳು ಕಳೆದು ಗಿಡದ ತುಂಬ ಮೊಗ್ಗು ಬಂದಾಗ ಅಪ್ಪ ಚಪ್ಪಲಿ ಬಿಟ್ಟು ಬಂದು, ಒಂದೊಂದನ್ನೇ ಮುಟ್ಟಿ ನೋಡಿದರು.

‘ಕ್ವಿಂಟಾಲಿಗೆ ಏನ್ ರೇಟ್ ಐತೆ ಇದ್ಕೆ?’

‘ಕ್ವಿಂಟಾಲ್ ಆಗೋವಷ್ಟು ನೀರು ಬಿಡ್ರಿ, ಆಮೇಲೆ ಹೇಳ್ತೀನಿ’ ಅಂದಳು ಅಮ್ಮ.