ಮಂಡಿಗೆ ನೀಲಿ ಪಟ್ಟಿ

ಅರವತ್ತೆರಡು ವರ್ಷ ಮೂಕಸೇವಕನಂತೆ ನನ್ನನ್ನು ಹೊತ್ತು ತಿರುಗಿದ ಬಲಮಂಡಿಯು, ಬಾಕಿ ಸಂಬಳವನ್ನೆಲ್ಲ ಒಮ್ಮೆಗೇ ಕೇಳುವವನ ಧಾಟಿಯಲ್ಲಿ, ಮೆಟ್ಟಿಲು ಕಂಡಲ್ಲೆಲ್ಲ ಕಟಕಟನೆ ಮಾತನಾಡತೊಡಗಿತು. ಕೀಲಿನ ಮೃದ್ವಸ್ಥಿ ಸವೆದಿದೆಯೆಂದು ವೈದ್ಯರು ಎಕ್ಸ್‌ರೇ ನೋಡಿ ತಿಳಿಸಿದರು. ಅದು ಸಂಧಿವಾತವೆಂದು ನಮ್ಮತ್ತೆಯವರು ಎಕ್ಸ್‌ರೇಯ ಹಂಗಿಲ್ಲದೆ ಎರಡು ವರ್ಷ ಮೊದಲೇ ತೀರ್ಪಿತ್ತಿದ್ದರು.

ಫಿಸಿಯೋಥೆರಪಿಯ ಹೆಣ್ಣುಮಗಳು ಬಳೆಯಂಗಡಿಯ ಬಣ್ಣಗಳುಳ್ಳ ಪಟ್ಟಿಯ ಸುರುಳಿಗಳನ್ನು ಮುಂದಿಟ್ಟಳು. ಹತ್ತಿಬಟ್ಟೆಯ ಬೆನ್ನಿಗೆ ಅಂಟು. ಎಳೆದರೆ ತನ್ನುದ್ದದ ಮೇಲೆ ನೂರಕ್ಕೆ ಸುಮಾರು 40 ಪಾಲು ಹಿಗ್ಗುವ ಗುಣ. ಮಂಡಿಯ ರೋಮಗಳನ್ನು ಕತ್ತರಿಸೋಣವೆಂದವಳಿಗೆ ಪುರುಷಾಭಿಮಾನದಿಂದ ಬೇಡವೆಂದೆ. ಅವಳು ಪಟ್ಟಿಯನ್ನು ಕವಣೆಯ ಕವಲಿನಂತೆ ಸೀಳಿ, ಮೂಲೆಗಳು ಬೇಗ ಏಳದಿರಲೆಂದು ದುಂಡಗೆ ಕತ್ತರಿಸಿ, ಮಡಿಚಿದ ಮಂಡಿಯ ಚಿಪ್ಪನ್ನು ಎರಡೂ ಕಡೆಯಿಂದ ತಬ್ಬುವಂತೆ ಅಂಟಿಸಿ, ಕಾವಿಗೆ ಅಂಟು ಕಚ್ಚಿಕೊಳ್ಳಲೆಂದು ಅಂಗೈಯಿಂದ ಉಜ್ಜಿದಳು. ಇದರಲ್ಲಿ ಔಷಧ ಯಾವುದೆಂದು ವಿಚಾರಿಸಲು, ಏನೂ ಇಲ್ಲವೆಂದಳು. ಘಾಟಿಲ್ಲದ ಮದ್ದನ್ನು ನಂಬುವ ಸಂಪ್ರದಾಯ ನಮ್ಮ ವಂಶದಲ್ಲಿಲ್ಲ.

1970ರ ದಶಕದಲ್ಲಿ ಜಪಾನಿನ ಕೆಂಜೊ ಕಾಸೆ ಎಂಬಾತ ಕಲ್ಪಿಸಿದ ಈ ಪಟ್ಟಿಯು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳ ಮೈಯೇರಿ ಲೋಕವಿಖ್ಯಾತವಾಯಿತಂತೆ. ಚರ್ಮವನ್ನು ತುಸು ಮೇಲೆತ್ತಿ ಒಳಗಿನ ದ್ರವಸಂಚಾರವನ್ನು ಸುಗಮಗೊಳಿಸುವುದೆಂಬುದು ಭಕ್ತರ ವಾದ. ಆದರೆ ಬಿಗಿದು ಅಂಟಿಸಿದ ಪಟ್ಟಿಗೂ ಬಿಗಿಯದೆ ಸುಮ್ಮನೆ ಅಂಟಿಸಿದ ಪಟ್ಟಿಗೂ ಪರೀಕ್ಷೆಗಳಲ್ಲಿ ಅನೇಕ ವೇಳೆ ಹೇಳಿಕೊಳ್ಳುವಂಥ ಅಂತರ ಕಂಡಿಲ್ಲ. ಸಿಕ್ಕುವ ಉಪಶಮನವೂ ಅಲ್ಪಾಯು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ದೇಹಭಾರದ ಇಳಿಕೆ, ಇವೇ ಮುಖ್ಯವೆಂದು ಆ ಹೆಣ್ಣುಮಗಳೂ ಒಪ್ಪಿದಳು. ಒಬ್ಬಟ್ಟಿನ ಪ್ರಸ್ತಾಪ ಬರುವ ಮುನ್ನವೇ ನಾನು ಎದ್ದೆ.

ಆದರೂ ನೋವು ತಗ್ಗಿದ್ದು ದಿಟ. ಅದಕ್ಕಿಂತ ಹೆಚ್ಚಾಗಿ, ವಾರ್ಧಕ್ಯದ ನೋವಿಗೆ ಆಟಗಾರನ ಗಾಯದ ಗೌರವ ಪ್ರಾಪ್ತವಾಯಿತು. ಹಿಮ್ಮಡಿ ದಾಟಿ ಮೇಲೇರಿದುದನ್ನೇ ಅರಿಯದ ನನ್ನ ಪಂಚೆ ಅಂದಿನಿಂದ ತೊಡೆಯವರೆಗೆ ಮಡಿಚಿಕೊಂಡು ನಿಂತಿತು. ನೆರೆಮನೆಯ ಗೇಟಿನ ಬಳಿ ನಿಷ್ಕಾರಣವಾಗಿ ಎರಡು ಸಲ ಸುಳಿದೆ. ಉದ್ಯಾನದಲ್ಲಿ ಪುಟ್ಟ ಹುಡುಗನೊಬ್ಬ, “ತಾತ, ನೀವು ಯಾವ ಆಟ ಆಡ್ತೀರಿ?” ಎಂದು ಕಣ್ಣರಳಿಸಿ ಕೇಳಿದನು. ಸುಳ್ಳಾಡಲು ಮನಸ್ಸಾಗದೆ, “ಚೌಕಾಬಾರ” ಎಂದೆ.

ಐದನೆಯ ದಿನ ಪಟ್ಟಿಯನ್ನು ಕೀಳಲಾಗಿ, ನಾನು ಅಂದು ಉಳಿಸಿಕೊಂಡ ರೋಮರಾಜಿಯೆಲ್ಲ ಅದರೊಡನೆ ಹೊರಟುಬಂದಿತು. ಆ ಕ್ಷಣದಲ್ಲಿ ಮಂಡಿಯ ನೋವು ಸಂಪೂರ್ಣ ವಿಸ್ಮೃತವಾದದ್ದನ್ನು ಮಾತ್ರ ಯಾವ ಪರೀಕ್ಷಕನೂ ಅಲ್ಲಗಳೆಯಲಾರ. ಬಣ್ಣಬಣ್ಣಗಳಲ್ಲಿ ಗುಣಭೇದವೇನೂ ಇಲ್ಲವೆಂದು ಆಕೆ ಹೇಳಿದ್ದಳು. ಮುಂದಿನ ವಾರಕ್ಕೆ ಕೆಂಪು ತೆಗೆದಿಡಲು ಹೇಳಿ ಬಂದಿದ್ದೇನೆ.