'ಫಾಲನ್' ಬಳಕೆದಾರರ ಕೈಪಿಡಿ (ಶಿವಮೊಗ್ಗದ ದುರ್ಗಿಗುಡಿಯ ಬಾಡಿಗೆ ಮನೆಗಳಿಗೆ ಮಾತ್ರ)

ಪೊಟ್ಟಣದಲ್ಲಿ ಇರುವುದು: ಇವಾನೆಸೆನ್ಸ್ ಎಂಬ ಮೆಟಲ್ ತಂಡದ 'ಫಾಲನ್' ಆಲ್ಬಮ್, ಮಾರ್ಚ್ 2003. ಹನ್ನೊಂದು ಹಾಡು, ಸುಮಾರು ಮುಕ್ಕಾಲು ಗಂಟೆ. ಹಾಡುವವಳು ಅಮೆರಿಕದ ಲಿಟಲ್ ರಾಕ್ ಊರಿನಿಂದ ಹೊರಟ ಏಮಿ ಲೀ. ಆಗ ಅವಳಿಗೆ 21 ವರ್ಷ.

ಸಂಜೆ ಹೊತ್ತು ಹಾಕಬೇಡಿ. ಬಟ್ಟೆ ಅಂಗಡಿ ಮುಂದೆ ಬೈಕ್ ನಿಲ್ಲಿಸಲು ಜಾಗ ಹುಡುಕುವವರ ಹಾರನ್ನಿಗೆ ಯಾವ ಮೆಟಲ್ ತಂಡವೂ ಸಾಟಿಯಲ್ಲ. ಶಟರ್‌ಗಳು ಇಳಿಯಲಿ. ಹೊರಗೆ ಆಷಾಢದ ಮಳೆಯಿದ್ದರೆ ಒಳ್ಳೆಯದು, ಕರೆಂಟೂ ಹೋದರೆ ಮತ್ತೂ ಒಳ್ಳೆಯದು. ಫೋನ್ ಮಾತ್ರ ಮೊದಲೇ ಚಾರ್ಜ್ ಮಾಡಿಟ್ಟಿರಿ.

"ಇದೆಲ್ಲ ನಮ್ಮ ಕಡೆಯದ್ದಲ್ಲ ಬಿಡ್ರಿ" ಎನ್ನುವವರು ಸಿಗುತ್ತಾರೆ. ಅವರಿಗೆ ಈ ಕತೆ ಹೇಳಿ. ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡವನು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ಆಮೇಲೆ ಒತ್ತುವುದು ಹಗುರಾಗಲೆಂದು ಗಿಟಾರಿನ ತಂತಿಯನ್ನೂ ಸಡಿಲಿಸಿದ. ಹೆವಿ ಮೆಟಲ್ಲಿನ ಆ ದಪ್ಪ ಸದ್ದಿಗೆ ಹೀಗೊಂದು ಗಾಯದ ಮೂಲವಿದೆ. 1923ರಿಂದ ಕಬ್ಬಿಣ ಕಾಯಿಸಿದ ಭದ್ರಾವತಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡು ನಾವು ಇದನ್ನು ಪರಕೀಯ ಎನ್ನುವುದು ಕೃತಘ್ನತೆ.

ಎರಡನೇ ಹಾಡು 'ಬ್ರಿಂಗ್ ಮಿ ಟು ಲೈಫ್'ನಲ್ಲಿ ಒಬ್ಬ ಗಂಡಸು ನಡುನಡುವೆ ಕೂಗುತ್ತಾನೆ. ಗಾಬರಿ ಬೇಡ, ಯಂತ್ರ ಕೆಟ್ಟಿಲ್ಲ. ಹೆಣ್ಣು ದನಿಯೊಂದೇ ಸಾಲದೆಂದು ರೆಕಾರ್ಡ್ ಕಂಪನಿ ಹಟ ಹಿಡಿದು ಸೇರಿಸಿದ ಭಾಗವದು. ದುರ್ಗಿಯ ಗುಡಿಯನ್ನೇ ವಿಳಾಸ ಮಾಡಿಕೊಂಡವರಿಗೆ ಈ ಅಂಜಿಕೆ ವಿಚಿತ್ರ ಅನ್ನಿಸೀತು. ಉಳಿದ ಹಾಡುಗಳಲ್ಲಿ ಏಮಿಗೆ ಯಾರ ಹಂಗೂ ಇಲ್ಲ. ಗಿಟಾರುಗಳು ಗೋಡೆಯಂತೆ ಎದ್ದುನಿಂತರೂ ದನಿ ಅವುಗಳ ಮೇಲೆಯೇ ನಡೆದು ಹೋಗುತ್ತದೆ.

ಒಂಬತ್ತನೆಯದು 'ಹಲೋ'. ಯಾರೋ ಫೋನ್ ಮಾಡಿದರೆಂದು ಎದ್ದು ಹೋಗಬೇಡಿ. ಏಮಿಗೆ ಆರು ವರ್ಷವಿದ್ದಾಗ ತೀರಿಕೊಂಡ ತಂಗಿಯ ನೆನಪು ಅದರಲ್ಲಿದೆ. ಈ ಹಾಡಿಗೆ ಬೇರೆ ಸೂಚನೆಗಳಿಲ್ಲ.

ತೊಂದರೆಗಳು ಮತ್ತು ಪರಿಹಾರ

ಕಪ್ಪು ಟೀಶರ್ಟಿನ ಗೆಳೆಯ "ಇದು ಅಸಲಿ ಗಾಥಿಕ್ ಮೆಟಲ್ ಅಲ್ಲ ಮಾರಾಯ" ಎಂದರೆ: ವಾದಿಸಬೇಡಿ, ಪಾಲುಪತ್ರ ತೋರಿಸಿ. 1991ರಲ್ಲಿ ಪ್ಯಾರಡೈಸ್ ಲಾಸ್ಟ್ ತಂಡದ 'ಗಾಥಿಕ್' ಆಲ್ಬಮ್ಮಿನಲ್ಲಿ ಹೆಣ್ಣು ದನಿ ಬರೀ ನೆಂಟಳು. ನಾರ್ವೆಯ ಥಿಯೇಟರ್ ಆಫ್ ಟ್ರ್ಯಾಜಿಡಿಯಲ್ಲಿ ಲಿವ್ ಕ್ರಿಸ್ಟೀನಳಿಗೆ, ಗೊಗ್ಗರು ಗಂಡುದನಿಯ ಜೊತೆ, ಅರ್ಧ ಪಾಲು ಸಿಕ್ಕಿತು. 'ಫಾಲನ್'ನಲ್ಲಿ ಇಡೀ ಆಸ್ತಿ ಏಮಿಯದೇ. ಹೆಸರು ಏನಾದರೂ ಇಟ್ಟುಕೊಳ್ಳಲಿ.

ಕೆಳಗಿನ ಮನೆಯ ಓನರಮ್ಮ ಮೆಟ್ಟಿಲು ಹತ್ತಿ ಬಂದು "ಯಾರಪ್ಪಾ ಅದು, ಹೆಣ್ಮಗಳು ಹಿಂಗೆ ಅಳ್ತಿದಾಳೆ?" ಎಂದರೆ: "ಅಳ್ತಿಲ್ಲ ಆಂಟಿ, ಹಾಡ್ತಿದಾಳೆ" ಎಂದು ಹೇಳಿ, ತಕ್ಷಣ ನಾಲ್ಕನೆಯದಕ್ಕೆ ಹೋಗಿ. 'ಮೈ ಇಮ್ಮಾರ್ಟಲ್', ಪಿಯಾನೊ, ಪಿಟೀಲು, ಅವಳ ದನಿ. ಡ್ರಮ್ ಇಲ್ಲ. ಅವರು ಕುರ್ಚಿ ಎಳೆದುಕೊಂಡರೆ ಬಚಾವ್. ಮುಂದಿನ ತಿಂಗಳು ಬಾಡಿಗೆ ಏರಿದರೆ ಈ ಕೈಪಿಡಿ ಹೊಣೆಯಲ್ಲ.